ಬಂಡೆಯ ಬಿರುಕಿಗೆ ಸುಣ್ಣ

ವನಗೂರು,
16-4-1998, ಗುರುವಾರ

ಪ್ರೀತಿಯ ಸುಚಿತ್ರಾ,

ಮೊದಲು ನಿನ್ನ ಕ್ಷೇಮ ಕೇಳಬೇಕು. ಆದರೆ ನನ್ನ ತಲೆ ನೆಟ್ಟಗಿಲ್ಲ ಕಣೇ, ನೇರ ಕೇಳಿಬಿಡುತ್ತೇನೆ. ಬಂಡೆಯ ಬಿರುಕಿಗೆ ಸುಣ್ಣ ಇಳಿದರೆ ಬಿರುಕು ಮುಚ್ಚಿಕೊಳ್ಳುತ್ತದೆಯೇ? ಹಾಸನದಲ್ಲಿ ಕೆಮಿಸ್ಟ್ರಿ ಓದುವವಳು ನೀನು, ನಿನಗೆ ಗೊತ್ತಿರಬೇಕು.

ನಿಮ್ಮೂರಿನ ಒರತೆ ನಿನಗೆ ಹೊಸದಲ್ಲ. ಮೇಲಿನ ಹೊಂಡದ ನೀರು ಅಂಚಿನ ಬಿರುಕಿಗೆ ಇಳಿದು, ಬಂಡೆಯೊಳಗೇ ಹರಿದು, ಕೆಳಗೆ ಬಿದಿರಿನ ದಂಬೆಗೆ ಬೀಳುತ್ತದೆ. ಯುಗಾದಿಗೆ ಮನೆಗೆ ಸುಣ್ಣ ಬಳಿದೆವು. ಮಗುವಿಗೆ ಭೇದಿ ನಿಂತಿರಲಿಲ್ಲ. ಕುಂದೂರಿನ ನನ್ನ ತವರಿನಲ್ಲಿ ಮಿಕ್ಕ ಸುಣ್ಣವನ್ನು ಬಾವಿಗೆ ಸುರಿಯುತ್ತಿದ್ದರು, ನೀರು ಶುದ್ಧವಾಗಲಿ ಎಂದು. ಈ ಊರಿಗೆ ಸೊಸೆಯಾಗಿ ಬಂದ ನಾನೂ ಹಾಗೇ ಎರಡು ಕೊಡ ಸುಣ್ಣವನ್ನು ಬಿರುಕಿನ ಬಾಯಿಗೇ ಸುರಿದೆ. ಯಾರೂ ನೋಡಲಿಲ್ಲ. ಬಾವಿಯೇ ಬೇರೆ, ಬಿರುಕೇ ಬೇರೆ ಎಂದು ನನಗೆ ಹೊಳೆಯಲಿಲ್ಲ.

ಮರುದಿನ ನೀರು ಸ್ವಲ್ಪ ಬೆಳ್ಳಗೆ ಬಂತು. ಆಮೇಲೆ ದಿನದಿನಕ್ಕೂ ಸಣ್ಣಗಾಗಿ ಹತ್ತನೇ ದಿನ ನಿಂತೇ ಹೋಯಿತು. ಪಕ್ಕದ ಎಸ್ಟೇಟಿನಲ್ಲಿ ಬೋರ್ ಕೊರೆಸಿದ್ದರಿಂದ ಇರಬೇಕು ಎಂದುಕೊಂಡೆ. ಹಾಗಾದರೆ ಮೇಲಿನ ಹೊಂಡ ಯಾಕೆ ಇಳಿದಿಲ್ಲ? ಬಿರುಕಿನ ಬಾಯಲ್ಲಿ ಬಿಳಿ ಪದರ ಕಟ್ಟಿದೆ. ಕುಡುಗೋಲಿನಿಂದ ಕೆರೆದು ನಿಂಬೆರಸ ಹಿಂಡಿದೆ, ನೊರೆ ಎದ್ದಿತು. ಬರೀ ಸುಣ್ಣಕ್ಕೆ ನೊರೆ ಬರುವುದಿಲ್ಲ, ಅದು ಕಲ್ಲಾದರೆ ಬರುತ್ತದೆ ಎಂದು ಆಲೂರಿನಲ್ಲಿ ಪಿಯುಸಿ ಓದುವಾಗ ನೀನೇ ಹೇಳಿಕೊಟ್ಟಿದ್ದೆ. ಸರಿಯಾಗಿ ನೆನಪಿದೆಯೋ, ಹೆದರಿಕೆಗೆ ಹಾಗನ್ನಿಸುತ್ತಿದೆಯೋ, ತಿಳಿಯುತ್ತಿಲ್ಲ.

ಇಷ್ಟೇ ಆಗಿದ್ದರೆ ನಿನ್ನನ್ನು ಕಾಡುತ್ತಿರಲಿಲ್ಲ. ದಂಬೆಯಲ್ಲಿ ನೀರು ಸಣ್ಣಗಾದ ಮೇಲೆ ನಿನ್ನ ಅವ್ವ ಚೌಡಮ್ಮ ಮೇಲೆ ಹೋಗಿ ಹೊಂಡದಲ್ಲಿ ಕೊಡ ಅದ್ದಿದ್ದಳು. ನಿಮ್ಮ ಕೇರಿಯವರು ದಂಬೆ ದಾಟಿ ಹೋಗಬಾರದಂತೆ, ಅದಕ್ಕೇ ನೀರು ನಿಂತಿತಂತೆ. "ಮುಟ್ಟಿ ಕೆಡಿಸ್ಬುಟ್ಲು ಕಣಮ್ಮ" ಎಂದರು ನನ್ನ ಮಾವ ಶಾಂತಮಲ್ಲಪ್ಪನವರು. ಎಮ್ಮೆ ಬಿದ್ದು ಹೊರಳಾಡಿದರೂ ಕೆಡದ ಹೊಂಡ! ನನಗೆ ಮೈ ಉರಿಯಿತು. ಆದರೂ ತಲೆ ತಗ್ಗಿಸಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಸೋಮವಾರ ಹೊಂಡಕ್ಕೆ ಪೂಜೆ. ಅವ್ವ ಎಲ್ಲರೆದುರು ಅಡ್ಡಬಿದ್ದು ತಪ್ಪುಕಾಣಿಕೆ ಇಡಬೇಕಂತೆ. ನಿನ್ನೆ ಹಳ್ಳದ ದಾರಿಯಲ್ಲಿ ಸಿಕ್ಕಳು. "ನಾನೇನ್ ಮಾಡ್ದೆ ಅಂತ ನಂಗೇ ಗೊತ್ತಿಲ್ಲ ಕಣವ್ವ. ಒಪ್ಕಂಬುಡ್ತೀನಿ, ನೀರ್ ಬಂದ್ರೆ ಸಾಕು" ಎಂದಳು. ಮಗಳಿಗೆ ಪರೀಕ್ಷೆ ಐತೆ, ತಿಳಿಸಬೇಡ ಎಂದೂ ಹೇಳಿದಳು. ಸುಣ್ಣದ ವಿಷಯ ಹೇಳಲೆಂದೇ ಬಾಯಿ ತೆರೆದೆ. ಬಂದ ಮಾತು, ಬಿಸಿಲು ಜಾಸ್ತಿಯಾಯಿತು ಎಂಬುದು.

ಹೇಳಿದರೆ ಈ ಮನೆಯಲ್ಲಿ ನನ್ನ ಗತಿ ಏನೋ ತಿಳಿಯದು. ಹೇಳದಿದ್ದರೆ ಅವ್ವನ ಗತಿ ಏನೆಂದು ಚೆನ್ನಾಗಿ ತಿಳಿದಿದೆ. ಆದರೂ, ಕಾರಣ ಸುಣ್ಣವಲ್ಲ ಎಂದು ನೀನು ಬರೆದುಬಿಟ್ಟರೆ ಸಾಕು ಎಂದು ಮನಸ್ಸು ಆಸೆಪಡುತ್ತದೆ. ಎಂಥ ನಾಚಿಕೆಗೆಟ್ಟ ಆಸೆ! ಜೀಪಿನ ಅಣ್ಣಯ್ಯ ಹಾಸನಕ್ಕೆ ಹೊರಟಿದ್ದಾರೆ, ಈ ಕಾಗದವನ್ನು ಅವರ ಕೈಲಿ ಕೊಡುತ್ತಿದ್ದೇನೆ.

ನಿನ್ನ ಗೆಳತಿ ಎಂದು ಬರೆಯಲು ಕೈ ಹಿಂಜರಿಯುತ್ತಿರುವ,
ಪುಷ್ಪಾ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ಅವ್ವ ಮೇಲೆ ಹೋದದ್ದನ್ನು ನೋಡಿದವಳು ನಾನೊಬ್ಬಳೇ. "ಹೊಂಡದ ತಾವ ಯಾರ್ ಹೋಗಿದ್ರು?" ಎಂದು ಮಾವ ಕೇಳಿದಾಗ ನನ್ನ ಹೆಸರು ಹೇಳಬೇಕಿತ್ತು. ಅವಳ ಹೆಸರು ಹೇಳಿದೆ. ಪರೀಕ್ಷೆ ಇದ್ದರೂ ಸೋಮವಾರ ಬಾ, ಸುಚಿತ್ರಾ. ನೀನು ಎದುರಿಗೆ ನಿಂತರೆ ನಿಜ ಹೇಳುತ್ತೇನೆ. ನೀನು ಬರದಿದ್ದರೆ ಹೇಳುತ್ತೇನೋ ಇಲ್ಲವೋ, ನನಗೆ ಗೊತ್ತಿಲ್ಲ.