ಮನೆಯವರಿಗೆ ಮಾತ್ರ

3 ಸೆಪ್ಟೆಂಬರ್, ಬುಧವಾರ. ರಾತ್ರಿ 2:40

ಗರ್ರ್… ಟಕ್. ಗರ್ರ್… ಟಕ್. ಎಬ್ಬಿಸಿದ್ದು ಅದು. ಮಗುವಲ್ಲ. ಚಾವಡಿಯಲ್ಲಿ ಟಿವಿಯ ಕೆಳಗೆ ಕೂತಿರುವ ಕಂಪ್ಯೂಟರ್. ಈಗ ಅನಿಷಾಳೂ ಎದ್ದಾಯಿತು. ಮೂರು ತಿಂಗಳ ಮಗು, ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಮಲಗಿದ್ದು. ಎಡಗಡೆ ಹಾಲು ಹಿಡಿಯುವುದೇ ಇಲ್ಲ, ಬಲಗಡೆ ಕಚ್ಚಿ ಗಾಯ. ಆಚೆ ಕೋಣೆಯಲ್ಲಿ ಅಮ್ಮನ ಗೊರಕೆ. ಬಾಳಂತನ ಮುಗಿಸಿ ತವರು ಬ್ರಹ್ಮಾವರದಿಂದ ಬೀಜಾಡಿಗೆ ಬಂದ ಮೇಲೆ ಈ ಮನೆಯಲ್ಲಿ ನಿದ್ದೆ ಇರುವುದು ಅವಳೊಬ್ಬಳಿಗೇ.

ಕಂಪ್ಯೂಟರ್ ಗಂಡ ಅಜಿತ್ ಕಳಿಸಿದ್ದು. ಥಾಣೆಯಲ್ಲಿ ಇವರ ಹೋಟೆಲಿನಲ್ಲಿ ಬಿಲ್ ಹೊಡೆದು ಹೊಡೆದು ಸವೆದದ್ದು. ಬಿಚ್ಚಿ ನೋಡಿದರೆ ಫ್ಯಾನಿನ ರೆಕ್ಕೆಗೆಲ್ಲ ಎಣ್ಣೆ ಜಿಡ್ಡು, ಬೋಂಡಾದ ವಾಸನೆ. "ಹಾಳಾಯ್ಲಿಲ್ಲ, ಹಾಕಿ ಕಾಣ್" ಅಂದರು. ಹಾಕಿ ಕಂಡೆ.

ನಾನು ಕೇಳಿದ್ದು ಇಷ್ಟೇ. ಫೋನಿನಲ್ಲಿ ಜಾಗ ಇಲ್ಲ. ಮಗುವಿನ ವಿಡಿಯೋ ಎಲ್ಲ ಒಂದು ಕಡೆ ಇರಬೇಕು, ಇವರು ಅಲ್ಲಿಂದ ನೋಡಬೇಕು, ನಾನು ಇಲ್ಲಿ ಟಿವಿಯಲ್ಲಿ ನೋಡಬೇಕು. ಜತೆಗೆ ನಾಲ್ಕು ಸಿನಿಮಾ. ಮನೆಯಲ್ಲೇ ಒಂದು ಸರ್ವರ್ ಇಡುವ ಎಂದದ್ದು ನಾನು. ಬಿಸಿಎ ಓದಿದ್ದೂ ನಾನು. ಯಾವ ಯಂತ್ರ ಎನ್ನುವುದನ್ನು ಮಾತ್ರ ಬೇರೆಯವರು ಹೇಳಬೇಕು.

4 ಸೆಪ್ಟೆಂಬರ್, ಗುರುವಾರ

ಬೆಳಿಗ್ಗೆಯಿಂದ ಮಗು ತೊಡೆ ಮೇಲೆ, ಫೋನು ಕೈಯಲ್ಲಿ. ಆರಿಸಿದೆ. ಅಂಗೈ ಅಗಲದ ಮಿನಿ ಪಿಸಿ. ಫ್ಯಾನೇ ಇಲ್ಲ. ಒಂದು ಹಾರ್ಡ್ ಡಿಸ್ಕ್, ಅದರ ನಕಲಿಗೆ ಇನ್ನೊಂದು. ಕರೆಂಟು ಹೋದರೆ ಇನ್ವರ್ಟರಿನಲ್ಲಿ ರಾತ್ರಿಯಿಡೀ ನಡೆಯುತ್ತದೆ. ವಿಡಿಯೋವನ್ನು ಇದ್ದ ಹಾಗೇ ಟಿವಿಗೆ ದಾಟಿಸುವುದಾದರೆ ಸರ್ವರಿಗೆ ಕೆಲಸವೇ ಇಲ್ಲ. ಹತ್ತು ಜನ ಹತ್ತು ಫೋನಿನಲ್ಲಿ ಒಟ್ಟಿಗೆ ನೋಡಿ, ಪ್ರತಿಯೊಂದಕ್ಕೂ ಅದರದರ ಅಳತೆಗೆ ಬದಲಿಸಿ ಕೊಡಬೇಕಾದರೆ ಮಾತ್ರ ದೊಡ್ಡ ಪ್ರೊಸೆಸರ್ ಬೇಕು. ಮೂರು ಜನರ ಗಂಜಿಗೆ ಯಾರಾದರೂ ಕೊಪ್ಪರಿಗೆ ಇಡುತ್ತಾರೆಯೇ?

ಇದೆಲ್ಲ ಬರೆದು ಇವರಿಗೆ ಕಳಿಸಿದೆ. ಉತ್ತರ ಬಂತು— ಹೆಬ್ಬೆರಳು. ಹಿಂದೆಯೇ ಒಂದು ಸಾಲು: "ರೋಹನ್ ಹತ್ರ ಒಂದ್ ಮಾತ್ ಕೇಂಬ."

ರೋಹನ್ ಇವರ ಚಿಕ್ಕಮ್ಮನ ಮಗ. ಕೋಟದಲ್ಲಿ ಸಿಸಿ ಕ್ಯಾಮೆರಾದ ಅಂಗಡಿ. ಕಂಬಕ್ಕೆ ಕ್ಯಾಮೆರಾ ಕಟ್ಟುವವನ ಮಾತಿಗೆ ಇರುವ ತೂಕ ನನ್ನ ಮೂರು ವರ್ಷದ ಓದಿಗಿಲ್ಲ.

7 ಸೆಪ್ಟೆಂಬರ್, ಭಾನುವಾರ

ರೋಹನ್ ಬಂದ. ಕೇಳಲು ಅಲ್ಲ, ಯಂತ್ರವನ್ನೇ ಹೊತ್ತುಕೊಂಡು. ಅಕ್ಕಿ ಡಬ್ಬದಷ್ಟು ಎತ್ತರ. ನಾಲ್ಕು ಹಾರ್ಡ್ ಡಿಸ್ಕ್, ಮೂರು ಫ್ಯಾನ್, ಪಕ್ಕದಲ್ಲಿ ಗಾಜು, ಒಳಗೆ ನೀಲಿ ಲೈಟು.

ನಾನು ಆರಿಸಿದ್ದರ ಫೋಟೋ ತೋರಿಸಿದೆ. ನಕ್ಕ.

"ಅತ್ಗೆ, ಇದ್ ಕೈಬಳಿ ಡಬ್ಬಿ ಕಂಡಂಗಿತ್ತ್. ಸರ್ವರ್ ಅಂದ್ರೆ ಒಂಚೂರ್ ಭಾರ ಇರ್ಕ್."

"ಭಾರ ನೋಡಿ ಕೊಳ್ಳಲು ಅದೇನು ಕುಂಬಳಕಾಯಿಯಾ?"

"ಹನ್ನೆರಡ್ ಜನ ಒಟ್ಟಿಗ್ ಕಂಡ್ರೂ ನಿಲ್ಲುದಿಲ್ಲ ಇದ್."

"ಹನ್ನೆರಡು ಜನ ಯಾರು?"

"ಮುಂದೆ ಬೇಕಾತ್ತಲೆ" ಅಂದ. ಅಮ್ಮ ಕೊಟ್ಟ ಚಹಾ ಕುಡಿದು, ವಯರು ಸಿಕ್ಕಿಸಿ ಹೋದ. ಅಡ್ಮಿನ್ ಅಜಿತ್. ಪಾಸ್‌ವರ್ಡ್ ಅಜಿತರ ಹತ್ತಿರ. ನನಗೆ ಕೊಟ್ಟದ್ದು ನೋಡುವ ಅಧಿಕಾರ ಮತ್ತು ತುಂಬಿಸುವ ಅಧಿಕಾರ. ತೆಗೆಯುವ ಅಧಿಕಾರ ಇಲ್ಲ.

ಮುಂದೆ ಬೇಕಾಗುವ ಹನ್ನೆರಡು ಜನರನ್ನು ನಾನೇ ಹೆರಬೇಕೋ ಏನೋ.

10 ಸೆಪ್ಟೆಂಬರ್, ಬುಧವಾರ

ಮೂರು ರಾತ್ರಿ. ಮೊದಲಿನದು ಗರ್ರ್ ಅನ್ನುತ್ತಿತ್ತು, ಇದು ಅಕ್ಕಿ ಮಿಲ್ಲಿನ ಹಾಗೆ ಒಂದೇ ಸಮ. ಮಗು ಬೆಚ್ಚುತ್ತದೆ, ಅಳುತ್ತದೆ, ಹಾಲು ಬಿಡುತ್ತದೆ. ಇವರಿಗೆ ಫೋನ್ ಮಾಡಿ ಸದ್ದು ಕೇಳಿಸಿದೆ.

"ನಿದ್ರಿ ಇಲ್ದೇ ನಿಂಗೆ ಸಣ್ಣ ಶಬ್ದವೂ ದೊಡ್ಡದಾಯ್ ಕೇಂಬುದ್ ಮಾರಾಯ್ತಿ."

ಒಂದೋ ಇದು ಇರಬೇಕು, ಇಲ್ಲ ನಾನು ಅಂದೆ. ಬ್ರಹ್ಮಾವರಕ್ಕೆ ಬಸ್ಸು ಬೇಕಾದಷ್ಟಿದೆ ಅಂದೆ. ಆಗ ಮೆತ್ತಗಾದರು. ಸಂಜೆಯೇ ರೋಹನ್ ಬಂದು ಹೊತ್ತುಕೊಂಡು ಹೋದ, ಹೆಮ್ಮಾಡಿಯ ದೊಡ್ಡ ಮನೆಗೆ. ಅಲ್ಲಿ ಇವರ ಅಮ್ಮ, ಮನೆಯ ಯಜಮಾನರಾದ ಸೋದರಮಾವ ಮಂಜಯ್ಯ, ಮತ್ತೆ ಯಾವಾಗಲೂ ಒಂದು ಹಿಂಡು ಜನ. ಅಷ್ಟು ಗಲಾಟೆಯಲ್ಲಿ ಮೂರು ಫ್ಯಾನು ಯಾರಿಗೆ ಕೇಳಬೇಕು. ಇಂಟರ್ನೆಟ್ ಇದ್ದರೆ ಸಾಕು, ಇಲ್ಲಿ ಟಿವಿಯಲ್ಲಿ ಬರುತ್ತದೆ ಎಂದ.

ಗೆದ್ದೆ. ಮನೆ ಎಷ್ಟು ತಣ್ಣಗಿದೆ. ಸಮುದ್ರ ಕೇಳಿಸುತ್ತಿದೆ.

19 ಸೆಪ್ಟೆಂಬರ್, ಶುಕ್ರವಾರ

ಬರೆಯಲು ಆಗಲಿಲ್ಲ. ಮಲಗಿದೆ. ನಿಜವಾಗಿ ಮಲಗಿದೆ.

ಕುಂದಾಪುರದ ಡಾಕ್ಟರಮ್ಮನಿಗೆ ತೋರಿಸಿದೆ. ಅಲ್ಲಿ ಕೂತರೆ ಮಗು ಬಾಯಿ ತೆರೆಯುವುದೇ ಇಲ್ಲ. "ಮನೆಯಲ್ಲಿ ಹೇಗೆ ಹಿಡಿಯುತ್ತಾಳೆ ಒಂದು ವಿಡಿಯೋ ತೆಗೆದು ತನ್ನಿ" ಅಂದರು. ತೆಗೆದೆ. ಫೋನನ್ನು ಚೊಂಬಿಗೆ ಒರಗಿಸಿ, ರವಿಕೆ ಪೂರ್ತಿ ತೆಗೆದು, ಎರಡೂ ಬದಿ. ನೋವಿಗೆ ಅತ್ತದ್ದೂ ಅದರಲ್ಲೇ ಇದೆ. ಡಾಕ್ಟರಮ್ಮ ಒಬ್ಬರೇ ನೋಡಿ, ಹಿಡಿಯುವ ಕ್ರಮ ಹೇಳಿಕೊಟ್ಟರು. ಫೋನಿನಿಂದ ಅಳಿಸಿದೆ.

ಸರ್ವರಿನಲ್ಲಿ ಇವರು ಎರಡು ಫೋಲ್ಡರ್ ಮಾಡಿದ್ದಾರೆ— 'ಸಿನಿಮಾ', 'ಮನೆ'. ಫೋನಿನ ವಿಡಿಯೋ ಎಲ್ಲ ತಾನಾಗಿ 'ಮನೆ'ಗೆ ಹೋಗುತ್ತದೆ. ಮೊದಲ ದಿನವೇ ಕೇಳಿದ್ದೆ, ಅದನ್ನು ಯಾರೆಲ್ಲ ನೋಡಬಹುದು ಅಂತ.

"ಮನ್ಯರ್ ಮಾತ್ರ. ಹೊರ್ಗಿನರ್ ಒಬ್ರೂ ಇಲ್ಲ."

ಮನೆಯವರು. ಇವರು, ನಾನು. ದೊಡ್ಡವಳಾದ ಮೇಲೆ ಅವಳು.

25 ಸೆಪ್ಟೆಂಬರ್, ಗುರುವಾರ. ಮಧ್ಯಾಹ್ನ

ಅತ್ತೆಯ ಫೋನ್ ಈಗಷ್ಟೇ ಇಟ್ಟೆ. ಭಾನುವಾರ ದೊಡ್ಡ ಮನೆಯಲ್ಲಿ ಹೊಸ್ತು, ಗದ್ದೆಯ ಹೊಸ ಕದಿರು ಮನೆ ತುಂಬಿಸಿ ಊಟ. ಅದನ್ನು ಹೇಳಲು ಮಾಡಿದ್ದು. ಹೇಳಿ ಮುಗಿಸಿ—

"ಹೆಣೆ, ದಿಂಬ್ ಒಂಚೂರ್ ಎತ್ರ ಮಾಡ್ಕಣ್. ಎಡ್ದ್ ಬದಿಗೂ ಹಿಡಿತ್ತ್ ಮಗು. ನಿನ್ ಕಣ್ಣೀರ್ ಕಂಡ್ ನಂಗೇ ಸಂಕಟ ಆಯ್ತ್."

ಎಲ್ಲಿ ಕಂಡಿರಿ ಅಂದೆ.

"ಟಿವಿಗ್ ಬಂತಲೆ. ರೋಹನ್ ಹಾಕಿ ಕೊಟ್ಟ್ ಹೋಯಿದ. ಒಂದ್ ಮುಗಿದ್ರ್ ಇನ್ನೊಂದ್ ತನ್ನಷ್ಟಕ್ಕೇ ಬತ್ತ್."

"ಮಂಜಯ್ಯ ಮಾವ ಅಲ್ಲಿದ್ದರಾ?"

"ಅವ್ರ್ ಪೇಪರ್ ಓದ್ತಿದ್ರ್."

ಪೇಪರ್ ಓದುತ್ತಿದ್ದರಂತೆ.

ರಾತ್ರಿ

ಇವರು ನಕ್ಕರು. ಮೊದಲು ನಕ್ಕರು.

"ಮನ್ಯರ್ ಅಂದ್ರೆ ನಾವ್ ಮೂರೇ ಜನವಾ? ಹೆಮ್ಮಾಡಿ ಮನಿಯರೆಲ್ಲ ಎಲ್ಲಿಗ್ ಹೋಪುದ್?"

ಆಗ ಗೊತ್ತಾಯಿತು ಕೊಪ್ಪರಿಗೆ ಯಾಕೆಂದು. ದೊಡ್ಡ ಮನೆಯ ನಲವತ್ತು ಜನಕ್ಕೂ ಲಾಗಿನ್ ಕೊಟ್ಟಿದ್ದಾರೆ. ಥಾಣೆಯವರು, ಪುಣೆಯವರು, ಬೈಂದೂರಿನವರು. ಅದಕ್ಕೇ ಹನ್ನೆರಡು ಜನ ಒಟ್ಟಿಗೆ ನೋಡುವ ಯಂತ್ರ. ನಾನು ಪ್ರೊಸೆಸರ್, ಫ್ಯಾನ್ ಎಂದು ವಾದಿಸುತ್ತಾ ಕೂತಿದ್ದೆ. ಇವರ ಪಾಲಿಗೆ ಮನೆ ಅಂದರೆ ಹುಟ್ಟಿದಾಗಿನಿಂದ ಒಂದೇ, ಹೆಮ್ಮಾಡಿಯದು. ಬೀಜಾಡಿಯದು ರೂಮು. ಸುಳ್ಳು ಹೇಳಲಿಲ್ಲ, ಅದೇ ಹೆಚ್ಚು ಸಿಟ್ಟು ಬರಿಸುವುದು.

ಯಾವ ವಿಡಿಯೋ ಎಂದು ಬಿಡಿಸಿ ಹೇಳಿದೆ. ನಗು ನಿಂತಿತು. ಆಮೇಲೆ, "ತೆಗಿತೆ. ಇಲ್ಲಿ ನವರಾತ್ರಿ ರಶ್, ಉಸಿರಾಡುಕೆ ಪುರ್ಸೊತ್ತಿಲ್ಲ. ಹೊಸ್ತಿಗ್ ಬಪ್ಪತಿಗೆ ಶನಿವಾರ ರೈಲಲ್ ಕೂಕಂಡ್ ಮೊದ್ಲ್ ಅದನ್ನೇ ತೆಗಿತೆ."

ಪಾಸ್‌ವರ್ಡ್ ಕೊಡಿ, ನಾನೇ ತೆಗೆಯುತ್ತೇನೆ ಅಂದೆ.

"ಅದ್ರಲ್ ಹೋಟೆಲಿಂದೆಲ್ಲ ಇತ್ತ್ ಮಾರಾಯ್ತಿ."

ಹೋಟೆಲಿನ ಗುಟ್ಟು ಹೆಂಡತಿಗೆ ಬೇಡ. ಹೆಂಡತಿಯ ಮೈ ಊರಿಗೆಲ್ಲ ಇರಲಿ.

27 ಸೆಪ್ಟೆಂಬರ್, ಶನಿವಾರ. ರಾತ್ರಿ 11

ತೆಗೆದಿಲ್ಲ. ಈಗ ನೋಡಿದೆ. ಇದೆ.

ಸಂಜೆ ರೈಲು ಹತ್ತಿದಾಗ ಮೆಸೇಜ್ ಬಂತು, "ಹೊರಟೆ". ಅಷ್ಟೇ. ಆಮೇಲೆ ವ್ಯಾಪ್ತಿ ಪ್ರದೇಶದ ಹೊರಗೆ. ಕೊಂಕಣ ರೈಲಿನ ಸುರಂಗಗಳನ್ನು ಬೈಯಲೋ, ಇವರನ್ನು ಬೈಯಲೋ.

ರೋಹನಿಗೆ ಮಾಡಿದೆ. ಅವನ ಹಿಂದೆ ಗದ್ದಲ, ಯಾರೋ ಪಾತ್ರೆ ಎಳೆಯುವ ಸದ್ದು. ಸರ್ವರ್ ಬಂದ್ ಮಾಡು ಅಂದೆ.

"ಎಂತಕೆ ಅತ್ಗೆ? ನಾಳಿಗೆ ಗಮ್ಮತ್ತೇ ಅದ್. ಮಂಜಯ್ಯ ಮಾವ ಹೊಸ ಟಿವಿ ತಂದಿರ್. ಕದಿರ್ ಒಳಗ್ ಬಂದದ್ದೇ ಮಗಿನ್ ವಿಡಿಯೋ ಶುರು, 'ಮನೆ' ಫೋಲ್ಡರಿದ್ದ್ ಎಲ್ಲಾ ಸಾಲಾಗಿ."

"ಒಂದು ತೆಗೆಯಬೇಕು."

"ಯಾವ್ದ್? ಹೇಳಿ, ಅದ್ ಬಪ್ಪತಿಗೆ ದಾಟ್ಸುವ."

ಹೇಗೆ ಹೇಳಲಿ? ಹೇಳಿದರೆ ಈಗಲೇ ಹಾಕಿ ನೋಡುತ್ತಾನೆ. ದಾಟಿಸಬೇಕಾದರೆ ಗುರುತು ಸಿಗಬೇಕು, ಗುರುತು ಸಿಗಬೇಕಾದರೆ ನೋಡಬೇಕು. ಏನಿಲ್ಲ ಎಂದು ಇಟ್ಟೆ.

ಅತ್ತೆಗೆ ಮಾಡಿದೆ. ಪ್ಲಗ್ ಕಿತ್ತುಬಿಡಿ ಅಂದೆ.

"ಮನ್ಯರೇ ಅಲ್ದಾ ಕಾಂಬುದ್? ನಾವೆಲ್ಲ ಹಾಲ್ ಕೊಟ್ಟರೇ. ಅದ್ರಲ್ ಎಂತ ಇತ್ತ್ ನಾಚ್ಕಿ ಪಡುಕೆ?"

"ನನಗೆ ಇದೆ ಅತ್ತೆ."

"ನಾಳೆ ಬಾ, ಮಾತಾಡ್ವ. ಅದ್ರ್ ವಯರ್ ಎಲ್ಲಿತ್ತೋ, ಟಿವಿದ್ ಎಲ್ಲಿತ್ತೋ ನಂಗೊತ್ತಿಲ್ಲ. ಹೊಸ ಟಿವಿ ಹಾಳಾದ್ರೆ ಅಣ್ಣ ಸುಮ್ನಿರ." ಮತ್ತೆ ಮೆತ್ತಗೆ, "ಊಟ ಮಾಡಿದ್ಯಾ?"

ಊಟ ಮಾಡಿದೆನಾ ಅಂತ ಕೇಳುವವರ ಮೇಲೆ ಕೂಗುವುದು ಹೇಗೆ. ಕೂಗಲಿಲ್ಲ. ಮಾಡಿದೆ ಅಂದೆ. ಮಾಡಿರಲಿಲ್ಲ.

28 ಸೆಪ್ಟೆಂಬರ್, ಭಾನುವಾರ. ಬೆಳಗಿನ ಜಾವ 3:20

ಅಮ್ಮನಿಗೆ ಹೇಳಿದೆ. ಕೇಳಿ, ಎದ್ದು ಕೂತು, ನನ್ನ ತಲೆಗೆ ಎಣ್ಣೆ ಹಚ್ಚಿದಳು. ಈಗ ಅವಳೂ ಮಲಗಿಲ್ಲ. ಮಗುವಿಗೆ ನಿನ್ನೆಯ ಇಂಜೆಕ್ಷನ್ನಿನ ಜ್ವರ, ಮೈ ಕಾದ ಕಾವಲಿ. ಬಿಟ್ಟು ಹೋಗುವ ಹಾಗಿಲ್ಲ, ಹೊತ್ತು ಹೋಗುವ ಹಾಗಿಲ್ಲ. ಹೋದರೂ ಅಲ್ಲಿ ಎಲ್ಲರೆದುರು ವಯರು ಕೀಳುವವಳು ನಾನೇ ಆಗಬೇಕು, ಯಾಕೆ ಎಂದು ಹೇಳಬೇಕಾದವಳೂ ನಾನೇ.

ಕದಿರು ಒಳಗೆ ಬರುವುದು ಆರು ಗಂಟೆಗೆ. ನಿಮ್ಮ ರೈಲು ಬರುವುದು ಒಂಬತ್ತಕ್ಕೆ.

ಇದನ್ನು ನಿಮಗೇ ಬರೆಯುತ್ತಿದ್ದೇನೆ. ಮೆಸೇಜ್ ಹೋಗುತ್ತಿಲ್ಲ, ಒಂದೇ ಟಿಕ್ಕು, ಇನ್ನೆಲ್ಲಿ ಬರೆಯುವುದು. ನೀವು ಮಲಗಿದ್ದೀರಿ. ಮೇಲಿನ ಬರ್ತಿನಲ್ಲಿ, ಫೋನನ್ನು ದಿಂಬಿನ ಕೆಳಗೆ ಇಟ್ಟು. ನಿಮ್ಮ ಮನೆಯವರನ್ನು ನಾನು ಬೇಡ ಅನ್ನಲಿಲ್ಲ. ಮಗುವನ್ನು ನೋಡಲಿ, ದಿನಾ ನೋಡಲಿ. ನನ್ನನ್ನು ಕೇಳಬೇಕಿತ್ತು. ಯಂತ್ರ ತರುವಾಗ ಕೇಳಲಿಲ್ಲ, ಇದಕ್ಕಾದರೂ ಕೇಳಬೇಕಿತ್ತು.

ಸುರಂಗ ಮುಗಿಯುವ ಕಡೆ ಎಲ್ಲೋ ಒಂದು ಸ್ಟೇಷನ್ ಬರುತ್ತದೆ, ಚಹಾದವನು ಕೂಗುತ್ತಾನೆ, ನಿಮಗೆ ಎಚ್ಚರವಾಗುತ್ತದೆ. ಆಗ ಚಹಾ ಬೇಡ. ಮೊದಲು ಫೋನ್ ನೋಡಿ. ನೀವು ತೆಗೆಯುವುದೂ ಬೇಡ, ಪಾಸ್‌ವರ್ಡ್ ಹೇಳಿದರೆ ಸಾಕು, ನಿಮ್ಮ ಹೋಟೆಲಿನ ಲೆಕ್ಕ ನಾನು ಓದುವುದಿಲ್ಲ, ಆಣೆ. ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ ಮಾರಾಯ್ರೆ. ನೆಟ್‌ವರ್ಕ್ ಒಂದು ಕಡ್ಡಿ ಬಂದರೂ ಸಾಕು. ಮಾತು ತುಂಡಾದರೂ ಪರವಾಗಿಲ್ಲ, ಮತ್ತೆ ಮಾಡಿ, ಎಷ್ಟು ಸಲ ಬೇಕಾದರೂ ಮಾಡಿ. ಮಗು ಎದ್ದಳು, ಹಾಲು ಕೊಡಬೇಕು. ಬಲಗೈ ಖಾಲಿ ಇಟ್ಟುಕೊಂಡೇ ಕೂರುತ್ತೇನೆ, ಮೊದಲ ರಿಂಗಿಗೇ ಎತ್ತುತ್ತೇನೆ, ಬೆಳಕು ಹರಿಯುವ ಮೊದಲು ಒಂದೇ ಒಂದು ಸಲ ನೀವು—