ಕರೆದರೆ ಬಂದೇಬಿಟ್ಟ

ಮಂಗಳವಾರ, ಆಗಸ್ಟ್ ೧೨. ಹೊಟ್ಟೆ ಚುರುಗುಟ್ಟುತ್ತಿದೆ, ಆದರೂ ನಗು ನಿಲ್ಲುತ್ತಿಲ್ಲ.

ಉಣ್ಣುವಾಗ ದಾರಿಯಲ್ಲಿ ಹೋಗುವವರನ್ನೆಲ್ಲ ಅತ್ತೆ ಊಟಕ್ಕೆ ಕರೆಯುತ್ತಾರೆ. ಎಲ್ಲರೂ "ಹೊಟ್ಟೆ ತುಂಬಿದೆ" ಎಂದು ಮುಂದೆ ಹೋಗುತ್ತಾರೆ. ನಮ್ಮ ಫಿಜಿಯಲ್ಲಿ ಅದೇ ಮರ್ಯಾದೆ. ಇವತ್ತು ಇದ್ದದ್ದು ಒಂದೇ ಮೀನು. ಅತ್ತೆ ಎಂದಿನಂತೆ ಕೂಗಿದರು. ಹಾಯಿದೋಣಿಯಲ್ಲಿ ಬಂದಿಳಿದಿದ್ದ ಬಿಳಿಯನೊಬ್ಬ ಒಳಗೆ ಬಂದು ಚಾಪೆಯ ಮೇಲೆ ಕೂತೇಬಿಟ್ಟ.

"ಈಗೇನತ್ತೆ ಮಾಡೋದು?" ಎಂದು ಪಿಸುಗುಟ್ಟಿದೆ.

"ಮೀನು ಅವ್ನಿಗೆ, ಮರಗೆಣಸು ನಮ್ಗೆ. ಸುಮ್ನೆ ಕಣ್ಮುಚ್ಚು, ಪ್ರಾರ್ಥನೆ ಮಾಡ್ಬೇಕು."

ಕೈಮುಗಿದು ಶುರುಮಾಡಿದರು. "ಕರ್ತನೇ, ಮದ್ವೆಯಾಗಿ ಬಂದಾಗಿಂದ ಕರೀತಾನೇ ಇದೀನಿ. ಇವತ್ತು ಒಬ್ಬ ಬಂದ." ದನಿ ಸಂತೋಷಕ್ಕೆ ನಡುಗುತ್ತಿತ್ತು.

ನಾಳೆ ಪಕ್ಕದ ಮನೆಯ ಲಿತಿಯಾ ಕರೆದರೆ ನಾನೂ ಹೋಗಿ ಕೂತುಬಿಡಬೇಕು. ಪಾಪ, ಅವಳೂ ಎಷ್ಟು ವರ್ಷದಿಂದ ಕರೆಯುತ್ತಿದ್ದಾಳೋ...