ನನ್ನ ಮಗನ ಗಂಟಲಿಗೆ ಬಂದ ನೋಟೀಸು

ಶಾಲಾ ವೃಂದಗಾನ ಯೋಜನೆಯ ಮೇಲ್ವಿಚಾರಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮಗನಿಗೆ ಹದಿಮೂರು ವರ್ಷ. ಅವನ ದನಿ ಒಡೆದಿದೆ. ಈ ವಯಸ್ಸಿನ ಹುಡುಗರಿಗೆ ಹೀಗಾಗುವುದು ಲೋಕಕ್ಕೆಲ್ಲ ಗೊತ್ತಿರುವ ವಿಷಯವೆಂದು ನಾನು ಇಷ್ಟು ದಿನ ನಂಬಿಕೊಂಡಿದ್ದೆ. ನಿಮ್ಮ ಕಚೇರಿಗೆ ಮಾತ್ರ ಇದು ಹೊಸ ಸುದ್ದಿ ಎಂದು ಮೂರು ವಾರಗಳ ಹಿಂದೆ ಬಂದ ನೋಟೀಸಿನಿಂದ ತಿಳಿಯಿತು. "ಅಭ್ಯರ್ಥಿಯ ದನಿಯು ಅರ್ಜಿಯಲ್ಲಿ ನಮೂದಿಸಿದ ದನಿಯೊಂದಿಗೆ ತಾಳೆಯಾಗದ ಕಾರಣ, ಸದರಿ ಸ್ಥಾನದಲ್ಲಿ ಬೇರೊಬ್ಬ ವ್ಯಕ್ತಿಯು ಹಾಡುತ್ತಿರುವ ಬಗ್ಗೆ ಅನುಮಾನವಿದ್ದು, ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು" ಎಂದು ಅದರಲ್ಲಿದೆ. ಅಂದರೆ ನನ್ನ ಮಗ ನನ್ನ ಮಗನಲ್ಲ, ಯಾರೋ ಗಂಡಸು ಅವನ ಸಮವಸ್ತ್ರ ತೊಟ್ಟುಕೊಂಡು ಬಂದು ಹಾಡಿ ಹೋಗುತ್ತಿದ್ದಾನೆ. ಕೆಳಗೆ ನಿಮ್ಮ ಸಹಿ, ಸಹಿಯ ಪಕ್ಕದಲ್ಲಿ ದುಂಡನೆಯ ಮೊಹರು. ಹೆತ್ತವಳು ನಾನೇ ಹೌದು, ಆದರೆ ನನ್ನ ಹತ್ತಿರ ಮೊಹರು ಇಲ್ಲವಲ್ಲ.

ನಿಮ್ಮ ಕಡತದಲ್ಲಿ ಇಲ್ಲದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ನಾವು ಈ ಬಡಾವಣೆಗೆ ಬಂದದ್ದು ಹೋದ ವರ್ಷ. ಹೊಸ ಶಾಲೆಯಲ್ಲಿ ನನ್ನ ಮಗ ಮೊದಲ ಎರಡು ತಿಂಗಳು ಊಟದ ಡಬ್ಬಿಯನ್ನು ಮೆಟ್ಟಿಲ ಮೇಲೆ ಒಬ್ಬನೇ ಕೂತು ಖಾಲಿ ಮಾಡುತ್ತಿದ್ದ. ಇದನ್ನು ಅವನು ಹೇಳಿದ್ದಲ್ಲ. ಪ್ಯಾಂಟಿನ ಹಿಂಭಾಗಕ್ಕೆ ದಿನಾ ಅಂಟಿಕೊಂಡು ಬರುತ್ತಿದ್ದ ಸುಣ್ಣದ ಪುಡಿ ಹೇಳಿದ್ದು. ಲೆಕ್ಕದ ತರಗತಿಯಲ್ಲಿ ಗುನುಗುವ ಚಟ ಬೇರೆ ಇತ್ತು. ಒಂದು ದಿನ ಲೆಕ್ಕದ ಮೇಷ್ಟ್ರು ತಲೆಕೆಟ್ಟು, "ಗುನುಗೋದಿದ್ರೆ ಅಲ್ಲಿ ಹೋಗಿ ಗುನುಗು" ಎಂದು ಹಾಡಿನ ಕೋಣೆಯ ಕಡೆ ಬೆರಳು ತೋರಿಸಿದರಂತೆ. ಶಿಕ್ಷೆಯೆಂದು ಹೋದವನು ಒಂದು ಗಂಟೆ ತಡವಾಗಿ ಮನೆಗೆ ಬಂದ. ಬಂದವನೇ ಚೀಲ ಎಸೆದು, "ಅಮ್ಮಾ, ನಂಗೆ ಎರಡನೇ ಸಾಲಲ್ಲಿ ಜಾಗ ಕೊಟ್ರು" ಎಂದ. ಯಾವುದೋ ದೇಶ ಗೆದ್ದು ಬಂದವನ ಮುಖವಿತ್ತು. ಮರುದಿನದಿಂದ ಪ್ಯಾಂಟಿಗೆ ಸುಣ್ಣ ಹತ್ತಲಿಲ್ಲ.

ಆಗ ತುಂಬಿದ್ದು ನಿಮ್ಮ ಅರ್ಜಿ. "ದನಿಯ ವಿಧ" ಎಂಬ ಕಾಲಮ್ಮಿನಲ್ಲಿ ಸಂಗೀತದ ಮೇಡಂ "ಮೇಲ್ದನಿ" ಎಂದು ಬರೆದರು. ಬರೆಯದೆ ಇನ್ನೇನು ಮಾಡಿಯಾರು? ಅವತ್ತು ಅವನ ದನಿ ಎಷ್ಟು ತೆಳುವಾಗಿತ್ತೆಂದರೆ ತಂಡದವರು ಅವನನ್ನು 'ಪೀಪಿ' ಎಂದು ಕರೆಯುತ್ತಿದ್ದರು. ಅದಾಗಿ ಏಳು ತಿಂಗಳಿಗೆ, ಒಂದು ಬೆಳಿಗ್ಗೆ, ಸ್ನಾನದ ಮನೆಯಿಂದ "ಟವೆಲ್ ಎಲ್ಲಿ?" ಎಂಬ ಗಡಸು ದನಿ ಕೇಳಿತು. ಕಣ್ಣು ಮಂಜಾಗಿರುವ ನಮ್ಮತ್ತೆ ಗಾಬರಿಯಾಗಿ ಅಡುಗೆಮನೆಗೆ ಬಂದು, "ನಲ್ಲಿ ರಿಪೇರಿಯವನು ಬಂದಿದಾನಾ? ಬಂದವನು ನಮ್ಮನೇಲೇ ಸ್ನಾನಕ್ಕಿಳಿದ್ನಾ?" ಎಂದು ಪಿಸುಗುಟ್ಟಿದರು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅವನು ಬಾಗಿಲು ತೆಗೆದು "ಅಜ್ಜೀ" ಎಂದು ಗೊಣಗಿದ ಕೂಡಲೇ ಅತ್ತೆಗೆ ಅದು ಮೊಮ್ಮಗನೇ ಎಂದು ಗೊತ್ತಾಯಿತು. ಎಪ್ಪತ್ತೆಂಟು ವರ್ಷದ ಮುದುಕಿ ಮಂಜುಗಣ್ಣಿನಲ್ಲಿ ಅರ್ಧ ನಿಮಿಷದಲ್ಲಿ ಮುಗಿಸಿದ ಗುರುತಿನ ಪರಿಶೀಲನೆಗೆ ನಿಮ್ಮ ಕಚೇರಿಗೆ ಮೂರು ವಾರ ಸಾಲದೆ ಹೋಯಿತಲ್ಲ ಸ್ವಾಮಿ?

ಆಮೇಲಿನ ಎರಡು ವಾರ ಅವನು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡ. ಏನು ಕೇಳಿದರೂ ತಲೆಯಾಡಿಸುವುದು, ಇಲ್ಲವೇ ಚೀಟಿ ಬರೆದಿಡುವುದು. ಬಾಯಿ ತೆರೆದರೆ ಪೀಪಿ ಬರುತ್ತದೋ ಲಾರಿ ಬರುತ್ತದೋ ಅವನಿಗೇ ಖಾತ್ರಿ ಇರಲಿಲ್ಲ. ಇನ್ನು ತಂಡದಲ್ಲಿ ತನಗೆ ಜಾಗವಿಲ್ಲ ಎಂದು ಅವನೇ ತೀರ್ಮಾನಿಸಿಬಿಟ್ಟಿದ್ದ. ಸಂಗೀತದ ಮೇಡಂ ಅವನನ್ನು ಕರೆದು, ಒಂದು ಸಾಲು ಹಾಡಿಸಿ, ಖುಷಿಯಿಂದ ಚಪ್ಪಾಳೆ ತಟ್ಟಿದರಂತೆ. "ಬಾರೋ ಬಾ, ನಿನ್ನನ್ನೇ ಕಾಯ್ತಿದ್ದೆ. ಕೆಳದನಿಯೋರು ಯಾವಾಗ್ಲೂ ಕಮ್ಮಿ ನಂಗೆ" ಎಂದು ಎರಡನೇ ಸಾಲಿನಿಂದ ಕೊನೆಯ ಸಾಲಿಗೆ ನಿಲ್ಲಿಸಿದರು. ಐದು ನಿಮಿಷದ ಕೆಲಸ. ಹುಡುಗ ಮನೆಗೆ ಬಂದು ಲಾರಿಯ ದನಿಯಲ್ಲೇ ಎರಡು ಸಲ ಬಡಿಸಿಕೊಂಡು ಉಂಡ. ನಾನು ಆ ಮೇಡಮ್ಮಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಷ್ಟರಲ್ಲಿ ನಿಮ್ಮ ಪರಿಶೀಲಕರು ಬಂದರು. ನಲವತ್ತು ಮಕ್ಕಳ ನಲವತ್ತು ಅರ್ಜಿಗಳನ್ನು ಕಂಕುಳಲ್ಲಿಟ್ಟುಕೊಂಡು, ಒಬ್ಬೊಬ್ಬರಿಂದ ಒಂದೊಂದು ಸಾಲು ಹಾಡಿಸಿ, ಅರ್ಜಿಗೆ ಹೋಲಿಸಿ ನೋಡಿದರು. ನನ್ನ ಮಗನ ಸರದಿ ಬಂದಾಗ ಅರ್ಜಿಯನ್ನೊಮ್ಮೆ, ಹುಡುಗನನ್ನೊಮ್ಮೆ ನೋಡಿ, "ಇವನು ಅವನಲ್ಲ" ಎಂದು ಬರೆದುಕೊಂಡು ಹೋದರು. ಅರ್ಜಿಯಲ್ಲಿ ಅವನ ಫೋಟೋ ಇತ್ತು. ಆ ಮೂಗು, ಆ ಕಿವಿ ಇಡೀ ಶಾಲೆಯಲ್ಲಿ ಇನ್ನೊಬ್ಬರಿಗಿಲ್ಲ. ಆದರೆ ಪರಿಶೀಲಕರಿಗೆ ಕೊಟ್ಟ ಆದೇಶದಲ್ಲಿ ದನಿ ನೋಡಿ ಎಂದಿತ್ತೇ ಹೊರತು ಮುಖ ನೋಡಿ ಎಂದಿರಲಿಲ್ಲವೇನೋ.

ನಾನು ದರ್ಜಿ. ಹದಿನಾರು ವರ್ಷದಿಂದ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದೇನೆ. ನಿಮ್ಮದೇ ಇಲಾಖೆ ಪ್ರತಿ ವರ್ಷ ನಮಗೆ ಒಂದು ಸೂಚನಾ ಪತ್ರ ಕಳಿಸುತ್ತದೆ: "ಮಕ್ಕಳು ಬೆಳೆಯುವುದರಿಂದ ಪ್ಯಾಂಟಿನ ಅಂಚಿನಲ್ಲಿ ಎರಡು ಅಂಗುಲ ಬಟ್ಟೆ ಒಳಗೆ ಮಡಚಿ ಹೊಲಿಯತಕ್ಕದ್ದು." ಎಂಥ ದೂರದೃಷ್ಟಿ! ಹಾಗಾದರೆ ಮಕ್ಕಳ ಕಾಲು ಬೆಳೆಯುತ್ತದೆ ಎಂಬುದು ಇಲಾಖೆಗೆ ಗೊತ್ತು. ಮೊಣಕಾಲು, ಮೊಣಕೈ, ಸೊಂಟ ಎಲ್ಲ ಬೆಳೆಯಲು ಅನುಮತಿ ಇದೆ. ಗಂಟಲು ಮಾತ್ರ ಅರ್ಜಿ ತುಂಬಿದ ದಿನಾಂಕದಂದೇ ನಿಂತಿರಬೇಕು. ಹೋಗಲಿ, ನಿಮ್ಮ ಯೋಜನೆ ಹಸುಗೂಸುಗಳಿಗೋ ನಿವೃತ್ತರಿಗೋ ಆಗಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ನೀವೇ ಆರಿಸಿಕೊಂಡಿರುವುದು ಹನ್ನೊಂದರಿಂದ ಹದಿನಾಲ್ಕರ ಮಕ್ಕಳನ್ನು. ದನಿ ಒಡೆಯುವ ವಯಸ್ಸನ್ನೇ ಹುಡುಕಿ ಹಿಡಿದು, ದನಿ ಒಡೆಯಬಾರದು ಎಂದು ನಿಯಮ ಮಾಡಲು ಎಷ್ಟು ಸಭೆಗಳು ಬೇಕಾದವು ಎಂದು ತಿಳಿಯುವ ಕುತೂಹಲ ನನಗಿದೆ.

ನೋಟೀಸು ಬಂದ ಮೂರನೇ ದಿನ ಅಂಗಡಿ ಮುಚ್ಚಿ, ಮಗನ ಕೈ ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದೆ. ಮೂರನೇ ಕೌಂಟರಿನ ಗುಮಾಸ್ತರು ಒಳ್ಳೆಯವರು. ಕಡತ ತೆಗೆದು, ಕನ್ನಡಕ ಏರಿಸಿ, ತಲೆ ಕೆರೆದುಕೊಂಡರು.

"ಮೇಡಂ, ಮೇಲ್ದನಿ ಇಪ್ಪತ್ನಾಲ್ಕು, ಕೆಳದನಿ ಹದಿನಾರು. ಕೆಳಗಡೆ ಭರ್ತಿಯಾಗಿದೆ. ಮೇಲ್ಗಡೆ ಇವನ ಜಾಗ ಹಾಗೇ ಇದೆ. ವರ್ಷ ಮುಗಿಯೋವರೆಗೂ ಹಳೇ ದನೀಲೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಕ್ಕಾಗಲ್ವಾ?"

"ಹಳೇ ದನಿ ಎಲ್ಲಿಂದ ತರೋಣ ಸರ್? ಚಿಕ್ಕದಾಯ್ತು ಅಂತ ಬಿಚ್ಚಿ ಇಟ್ಟಿರೋ ಶರ್ಟಾ ಅದು?" ಎಂದೆ.

ಅವರು ನಕ್ಕು ಮಗನ ಕಡೆ ತಿರುಗಿದರು. "ಎಲ್ಲಿ, ಒಂದ್ಸಲ ಹಾಡಪ್ಪ. ನೋಡಿ ಬರೀತೀನಿ."

ಮಗ ಉಗುಳು ನುಂಗಿ ಹಾಡಿದ. ಅದು ದೋಣಿ ನಡೆಸುವವರ ಹಾಡು. ತಿಂಗಳುಗಟ್ಟಲೆ ಹೊಲಿಗೆ ಯಂತ್ರದ ಸದ್ದಿನ ಮೇಲೆ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಆದರೆ ಕೆಳದನಿಯ ಪಾಲಿಗೆ ಅದರಲ್ಲಿ ಇರುವುದು ಮೂರೇ ಸ್ವರ. ಅವನು ಆ ಮೂರರ ಮೇಲೆಯೇ ಗಂಭೀರವಾಗಿ ಹೋಗಿ ಬಂದು ಮಾಡಿದ. ಗುಮಾಸ್ತರು ಬೆಪ್ಪಾಗಿ ಕೂತರು.

"ಇದೇನಪ್ಪ ಇದು? ಹಾಡೆಲ್ಲಿ?"

"ಹಾಡು ಮೇಲ್ಗಡೆ ಇದೆ ಸರ್," ಎಂದ ನನ್ನ ಮಗ. "ನಾವು ಕೆಳಗಡೆ ಹಿಡ್ಕೊಂಡಿರ್ತೀವಿ."

ಮಾನ್ಯರೇ, ಎಷ್ಟೋ ದಿನದ ಮೇಲೆ ಅಪರಿಚಿತರ ಎದುರು ಅವನು ಆಡಿದ ಮೊದಲ ಪೂರ್ತಿ ಮಾತು ಅದು. ಏನಾದರಾಗಲಿ ಎಂದು ನಾನೇ ಮೇಲಿನ ಹಾಡನ್ನು ಎತ್ತಿಕೊಂಡೆ. ನಾನು ಯಂತ್ರದ ಮುಂದೆ ಬಿಟ್ಟರೆ ಎಲ್ಲೂ ಹಾಡಿದವಳಲ್ಲ. ಎರಡನೇ ಸಾಲಿಗೇ ಶ್ರುತಿ ಹಳ್ಳ ಹಿಡಿಯಿತು. ಆದರೆ ಕೆಳಗಡೆ ಅವನು ಅಲ್ಲಾಡದೆ ನಿಂತಿದ್ದ. ನಾನು ಎಲ್ಲಿ ಜಾರಿದರೂ ವಾಪಸು ಬಂದು ಕಾಲೂರಲು ಅವನ ದನಿ ಅಲ್ಲೇ ಇತ್ತು. ಸಾಲಿನಲ್ಲಿ ಹಿಂದೆ ನಿಂತಿದ್ದ ಇಬ್ಬರು ಟೀಚರುಗಳು ದನಿಗೂಡಿಸಿದರು. ಗುಮಾಸ್ತರಿಗೆ ಗೊತ್ತಿಲ್ಲದೆಯೇ ಅವರ ಕೈಯಲ್ಲಿದ್ದ ಮೊಹರು ತಾಳಕ್ಕೆ ಸರಿಯಾಗಿ ಖಾಲಿ ಹಾಳೆಯ ಮೇಲೆ ಬೀಳತೊಡಗಿತು. ಆ ಹಾಳೆಯ ಮೇಲೆ ಈಗ ಇಪ್ಪತ್ತಕ್ಕೂ ಹೆಚ್ಚು ಬಾರಿ "ಪರಿಶೀಲಿಸಲಾಗಿದೆ" ಎಂದಿದೆ. ಅದನ್ನು ನೀವು ನಮ್ಮ ಕಡತಕ್ಕೆ ಸೇರಿಸಿಕೊಂಡರೆ ನನ್ನ ಅಭ್ಯಂತರವಿಲ್ಲ.

ಆಗ ನಿಮ್ಮ ಕೋಣೆಯ ಬಾಗಿಲು ತೆರೆಯಿತು. ನೀವು ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿರಿ. ಹಾಡು ಮುಗಿದ ಮೇಲೆ, "ಚೆನ್ನಾಗಿದೆ. ಆದ್ರೆ ಇದು ಕಚೇರಿ" ಎಂದು ಹೇಳಿ ಬಾಗಿಲು ಹಾಕಿಕೊಂಡಿರಿ. ಗುಮಾಸ್ತರು ನಿಟ್ಟುಸಿರು ಬಿಟ್ಟು, "ಹಾಡು ಸರಿಯಾಗಿದೆ ಮೇಡಂ. ಕಾಲಂ ಸರಿಯಾಗಿಲ್ಲ" ಎಂದರು. ಕಡತ ಅವತ್ತಿನಿಂದ "ಪರಿಶೀಲನೆಯಲ್ಲಿದೆ". ಒಂದು ಮಾತು ಹೇಳಲೇಬೇಕು. ನೀವು ಬಾಗಿಲು ತೆರೆದಾಗ ಹಾಡು ಇನ್ನೂ ಎರಡು ಸಾಲು ಬಾಕಿ ಇತ್ತು. ನೀವು ತಡೆಯಲಿಲ್ಲ, ಕಾದಿರಿ. ನಾನು ಅದನ್ನು ಗಮನಿಸಿದೆ. ಅದಕ್ಕೇ ಈ ಪತ್ರವನ್ನು ನಿಮ್ಮ ಮೇಲಿನವರಿಗೆ ಬರೆಯದೆ ನಿಮಗೇ ಬರೆಯುತ್ತಿದ್ದೇನೆ. ಪತ್ರಿಕೆಯಲ್ಲಿ ಬರೆಯುತ್ತಿರುವುದು ಮಾತ್ರ, ನಿಮ್ಮ ಆವಕ ವಿಭಾಗ ಕಾಗದಗಳನ್ನು ಬಚ್ಚಿಡುವುದರಲ್ಲಿ ಎತ್ತಿದ ಕೈ ಎಂಬ ಕಾರಣಕ್ಕೆ.

ಸದ್ಯದ ಪರಿಸ್ಥಿತಿ ಹೀಗಿದೆ. ವಿಚಾರಣೆ ಮುಗಿಯುವವರೆಗೆ ಅವನು ಅಭ್ಯಾಸದ ಕೋಣೆಯೊಳಗೆ ಇರಕೂಡದು ಎಂದು ನಿಮ್ಮ ಆದೇಶ. ಸಂಗೀತದ ಮೇಡಂ ನಿಯಮ ಮೀರುವವರಲ್ಲ. ಅವರು ಕೋಣೆಯ ಬಾಗಿಲನ್ನು ಗಾಳಿಗೆಂದು ತೆರೆದಿಡುತ್ತಾರೆ. ಕೆಳದನಿಯ ಸಾಲನ್ನು ಬಾಗಿಲ ಪಕ್ಕಕ್ಕೆ ಸರಿಸಿದ್ದಾರೆ. ನನ್ನ ಮಗ ಹೊಸ್ತಿಲಿನ ಆಚೆ, ಪಡಸಾಲೆಯಲ್ಲಿ, ಆದೇಶಕ್ಕೆ ಒಂದು ಅಂಗುಲವೂ ಚ್ಯುತಿ ಬಾರದಂತೆ ನಿಂತು ಹಾಡುತ್ತಾನೆ. ಅಳತೆಯ ವಿಷಯದಲ್ಲಿ ಅವನು ನನ್ನ ಮಗನೇ. ಮೊದಲ ದಿನ ನನಗೆ ಇದನ್ನು ಹೇಳುವಾಗ ನಗುತ್ತಿದ್ದ. ನಿನ್ನೆ ಕೇಳಿದ: "ಅಮ್ಮಾ, ಸ್ಟೇಜಿಗೆ ಪಡಸಾಲೆ ಇರಲ್ಲ ಅಲ್ವಾ?" ನಾನು ನೂಲು ಹುಡುಕುವವಳಂತೆ ಮೇಜಿನ ಖಾನೆಗೆ ಕೈಹಾಕಿದೆ. ವೃಂದಗಾನದ ಕಾರ್ಯಕ್ರಮಕ್ಕೆ ಇನ್ನು ಹನ್ನೆರಡು ದಿನ ಉಳಿದಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅರ್ಜಿಯ ಆ ಕಾಲಮ್ಮಿನ ಎದುರಿಗೆ "ಈ ದಿನಕ್ಕೆ" ಎಂಬ ಎರಡು ಪದ ಸೇರಿಸಿ. ಯಾವ ಮಗು ಯಾವ ಸಾಲಿನಲ್ಲಿ ನಿಲ್ಲಬೇಕು ಎಂಬುದನ್ನು ಕಿವಿ ಇರುವ ಆ ಮೇಡಮ್ಮಿಗೆ ಬಿಡಿ. ನನ್ನ ಮಗನ ಹೆಸರನ್ನು ಕೆಳದನಿಯ ಪಟ್ಟಿಗೆ ಹಾಕಿ. ಇಪ್ಪತ್ನಾಲ್ಕು-ಹದಿನಾರು ಇಪ್ಪತ್ಮೂರು-ಹದಿನೇಳು ಆದರೆ ವೇದಿಕೆ ಕುಸಿಯುವುದಿಲ್ಲ. ಅವನಿಗೇನೂ ವಿಶೇಷ ಗೌರವ ಬೇಡ, ಒಬ್ಬನೇ ಹಾಡುವ ಅವಕಾಶ ಬೇಡ, ಮುಂದಿನ ಸಾಲೂ ಬೇಡ. ಇಷ್ಟೆಲ್ಲ ಹೇಳಿದ ಮೇಲೂ ಅವನು ಬೇರೆ ಯಾರೋ ಎಂಬ ಅನುಮಾನ ನಿಮಗೆ ಉಳಿದಿದ್ದರೆ, ದಯಮಾಡಿ ಕಾರ್ಯಕ್ರಮಕ್ಕೆ ಬನ್ನಿ. ಕಣ್ಣು ಮುಚ್ಚಿಕೊಂಡು ಕೂತು, ಆ ನಲವತ್ತು ಮಕ್ಕಳ ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳಿ. ಅಷ್ಟರಲ್ಲಿ ನನ್ನ ಮಗನ ದನಿ ಯಾವುದೆಂದು ಬೇರೆ ಮಾಡಿ ತೋರಿಸಲು ನಿಮ್ಮಿಂದ ಆದರೆ, ಅಲ್ಲೇ ಎದ್ದು ನಿಂತು ಅವನ ಹೆಸರು ಹೊಡೆದುಹಾಕಿ, ನಾನು ಚಕಾರ ಎತ್ತುವುದಿಲ್ಲ.

ಇಂತಿ,
ಕೌಂಟರಿನ ಮುಂದೆ ಹಾಡಿದ ದಿನದಿಂದ ನಿಮ್ಮ ಕಚೇರಿಯ ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡುತ್ತಿರುವ,
ಶ್ರುತಿ ತಪ್ಪಿದ ಒಬ್ಬ ದರ್ಜಿ